ಗೋಡೆಗೆ ಬಂದ ಮಾತು, ಗೋಡೆಗೆ ಬಾರದ ಮಾತು

ನಮ್ಮ ಕೇರಿಗಳಿಗೆ ಪುಸ್ತಕ ಬಂದದ್ದು ಆಮೇಲೆ. ಮೊದಲು ಬಂದದ್ದು ಗೋಡೆ ಬರಹ. ಸುಣ್ಣ ಹೊಡೆದ ಒಂದು ಮೋಟುಗೋಡೆ, ಒಂದಿಷ್ಟು ನೀಲಿ ಬಣ್ಣ, ಅಕ್ಷರ ಕಲಿತ ಒಬ್ಬ ಹುಡುಗ, ಇಷ್ಟಿದ್ದರೆ ಸಾಕಿತ್ತು. ಹೆಬ್ಬೆಟ್ಟು ಒತ್ತುವ ನಮ್ಮ ಅಪ್ಪಂದಿರೂ ಆ ಸಾಲುಗಳನ್ನು ಬಾಯಲ್ಲಿ ಹೇಳಬಲ್ಲರು. ದೊಡ್ಡವರ ಮಾತು ನಮಗೆ ತಲುಪಿದ್ದು ಹೀಗೆ: ಗೋಡೆಯ ಮೇಲೆ, ಬ್ಯಾನರಿನ ಮೇಲೆ, ಶಾಲೆಯ ಕರಿಹಲಗೆಯ ಮೂಲೆಯಲ್ಲಿ ಮೇಷ್ಟ್ರು ದಿನಕ್ಕೊಂದು ಬರೆಸುವ ನುಡಿಮುತ್ತಿನಲ್ಲಿ. ತಾಯಿ ತಂದೆ ಬಗ್ಗೆ ಒಂದು, ಬದುಕಿನ ಬಗ್ಗೆ ಒಂದು, ಕಲೆ ಸಾಹಿತ್ಯದ ಬಗ್ಗೆ ಒಂದು. ಕೆಳಗೆ ಒಂದು ಅಡ್ಡಗೆರೆ, ಮುಂದೆ ಒಂದು ಹೆಸರು.

ಆ ಅಡ್ಡಗೆರೆಯ ಮುಂದಿನ ಹೆಸರನ್ನೇ ನಾವು ಇಲ್ಲಿ ಕೆದಕಲು ಹೊರಟಿರುವುದು. ಮಾತಿಗೂ ಒಡೆತನ ಇದೆ. ಉಳುವವನೊಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು ಆದ ಹಾಗೆ, ಆಡಿದವರೊಬ್ಬರು, ಗೋಡೆಯಲ್ಲಿ ಹೆಸರು ಇನ್ನೊಬ್ಬರದು ಆಗುತ್ತದೆ. ಹೆಸರು ಸರಿಯಾಗಿಯೇ ಇದ್ದರೂ ಅರ್ಧ ಮಾತು ಗೋಡೆಗೆ ಬಂದು ಉಳಿದರ್ಧ ದಾರಿಯಲ್ಲೇ ಉದುರಿಹೋಗಿರುತ್ತದೆ.

ಕಾಯಕವೇ ಕೈಲಾಸ ಎಂಬ ಎರಡು ಪದ ನೋಡಿ. ಕನ್ನಡ ನಾಡಿನಲ್ಲಿ ಈ ಮಾತು ಬರೆಯದ ಸರ್ಕಾರಿ ಕಟ್ಟಡ ಕಡಿಮೆ. ಯಾರ ಮಾತು ಅಂತ ಕೇಳಿ, ಹತ್ತರಲ್ಲಿ ಒಂಬತ್ತು ಜನ ಬಸವಣ್ಣನವರದು ಅಂತಾರೆ. ಇದು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಹೆಸರೇ ಹೇಳುವಂತೆ ಆತ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕಿದವನು. ಮಂತ್ರಿಯ ಅಂಗಳದಲ್ಲಿ ಅಕ್ಕಿ ಆಯ್ದವನ ಮಾತನ್ನು ನಾವು ಮಂತ್ರಿಯ ಲೆಕ್ಕಕ್ಕೆ ಬರೆದುಬಿಟ್ಟೆವು. ಬಸವಣ್ಣನವರು ಇದ್ದಿದ್ದರೆ ಅವರೇ ಒಪ್ಪುತ್ತಿರಲಿಲ್ಲ. ಆ ವಚನದ ಜೀವ ಇರುವುದು ಆ ಎರಡು ಪದಕ್ಕಿಂತ ಮೊದಲು. ದುಡಿಮೆಯಲ್ಲಿ ಮುಳುಗಿದವನು ಗುರು ಎದುರಿಗೆ ಬಂದರೂ, ಲಿಂಗಪೂಜೆಯ ಹೊತ್ತಾದರೂ ಅದನ್ನು ಮರೆಯಬೇಕು ಎನ್ನುತ್ತಾನೆ ಮಾರಯ್ಯ. ಅಂದರೆ ದುಡಿಯುವವನ ಮುಂದೆ ದೇವರೂ ಕಾಯಬೇಕು. ಗೋಡೆಗೆ ಬರುವಾಗ ಅದು ಬಿದ್ದುಹೋಗಿ, ತುಟಿ ಬಿಚ್ಚದೆ ದುಡಿ, ಅದೇ ನಿನ್ನ ಸ್ವರ್ಗ ಎಂಬ ಧಣಿಯ ಮಾತಾಗಿ ಉಳಿಯಿತು.

ಅವನ ಹೆಂಡತಿ ಲಕ್ಕಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಗಂಡ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ತಂದಾಗ, ಆಸೆ ಎಂಬುದು ಅರಸರಿಗಿರಲಿ, ನಮಗೇಕೆ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದು ವಾಪಸು ಅಟ್ಟಿದವಳು. ಸಂಸಾರದ ಬಗ್ಗೆ ಕನ್ನಡದಲ್ಲಿ ಹುಟ್ಟಿದ ದೊಡ್ಡ ಮಾತುಗಳಲ್ಲಿ ಇದೊಂದು. ನಾಳೆಗೆ ಕಾಳಿಲ್ಲದ ಮನೆಯ ಹೆಂಗಸು ಆಡಿದ್ದು. ಇದನ್ನು ಕರಿಹಲಗೆಯಲ್ಲಿ ಬರೆಸುವ ಮೇಷ್ಟ್ರು ಎಷ್ಟು ಜನ ಇದ್ದೀರಿ?

ಹನ್ನೆರಡನೇ ಶತಮಾನ ಅಲ್ಲಿರಲಿ, ನಮ್ಮ ಗೋಡೆಗೇ ಬರೋಣ. ಶಿಕ್ಷಣ, ಸಂಘಟನೆ, ಹೋರಾಟ. ಮೂರು ಮಾತು, ಕೆಳಗೆ ಬಾಬಾಸಾಹೇಬರ ಹೆಸರು. 1942ರ ಜುಲೈ 18 ಮತ್ತು 19ರಂದು ನಾಗಪುರದಲ್ಲಿ ಅಖಿಲ ಭಾರತ ದಲಿತ ವರ್ಗಗಳ ಪರಿಷತ್ತು ನಡೆಯಿತು. ಮದರಾಸಿನ ಎನ್. ಶಿವರಾಜ್ ಅಧ್ಯಕ್ಷರು. ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿದ್ದು ಅಲ್ಲಿ. ಸುಮಾರು 70,000 ಜನ ಸೇರಿದ್ದರು ಎಂದು ವರದಿಗಳು ಹೇಳುತ್ತವೆ. ಅಂಬೇಡ್ಕರರು ಆಗತಾನೆ ವೈಸರಾಯರ ಕಾರ್ಯಕಾರಿ ಮಂಡಳಿಗೆ ನೇಮಕವಾಗಿದ್ದರು. ಅಲ್ಲಿ ಮಾತು ಮುಗಿಸುವಾಗ ಅವರು ಈ ಮೂರನ್ನು ಹೇಳಿದ್ದು ನಿಜ. ಆದರೆ ಅವರು ಹೇಳಿದ ಕ್ರಮವೇ ಬೇರೆ: ಎಜುಕೇಟ್, ಆಜಿಟೇಟ್, ಆರ್ಗನೈಸ್. ನಮ್ಮ ಗೋಡೆಯಲ್ಲಿ ಕೊನೆಗೆ ಬರುವುದು ಅವರ ಬಾಯಲ್ಲಿ ನಡುವೆ ಬಂದಿತ್ತು.

ಇದೇನು ಮಹಾ ವ್ಯತ್ಯಾಸ ಅನ್ನಬೇಡಿ. ಹಾಲು ಹೆಪ್ಪಾಗಬೇಕು, ಅದು ಒಂದು. ಹೆಪ್ಪಾದ ಮೊಸರಿಗೆ ಕಡಗೋಲು ಬೀಳಬೇಕು, ಅದು ಎರಡು. ಕಡೆದ ಮೇಲೆ ತಾನೇ ಬೆಣ್ಣೆ ಒಂದು ಕಡೆ ಕೂಡುವುದು? ಕಡೆಯದೆ ಬೆಣ್ಣೆ ಕಟ್ಟಲು ಹೋದವರ ಕೈಗೆ ಸಿಗುವುದು ನೀರು ಮೊಸರು. ಆಜಿಟೇಟ್ ಅಂದರೆ ಬರೀ ಬೀದಿಗೆ ಇಳಿಯುವುದಲ್ಲ. ಮೊದಲು ಒಳಗೆ ಕದಡಬೇಕು, ತಲೆತಲಾಂತರದಿಂದ ಹೆಪ್ಪುಗಟ್ಟಿದ ದಾಸ್ಯ ಅಲ್ಲಾಡಬೇಕು. ಅದಾಗದೆ ಕಟ್ಟಿದ ಸಂಘಗಳು ಏನಾದವು ಅಂತ ತಾಲ್ಲೂಕಿಗೊಂದು ಕಥೆ ಇದೆ. ರಸೀದಿ ಪುಸ್ತಕ ಇತ್ತು, ಲೆಟರ್‌ಹೆಡ್ ಇತ್ತು, ಸೀಲು ಇತ್ತು, ಕದಡಿದ ಮನಸ್ಸು ಮಾತ್ರ ಇರಲಿಲ್ಲ. ಚುನಾವಣೆ ಬಂದಾಗ ಸಂಘ ಇಡಿಯಾಗಿ ಯಾರದೋ ಜೀಪು ಹತ್ತಿತು.

ಈ ಮೂರು ಮಾತು ಬಾಬಾಸಾಹೇಬರೇ ಹುಟ್ಟಿಸಿದ್ದೂ ಅಲ್ಲ. 1880ರ ದಶಕದಲ್ಲೇ ಇಂಗ್ಲೆಂಡಿನ ಸಮಾಜವಾದಿಗಳ ಬಾಯಲ್ಲಿ ಇದ್ದವು. ಡೆಮಾಕ್ರಟಿಕ್ ಫೆಡರೇಷನ್ನಿಗೆ ಕವಿ ವಿಲಿಯಂ ಮಾರಿಸ್ ಬಿಡಿಸಿಕೊಟ್ಟ ಸದಸ್ಯತ್ವದ ಚೀಟಿಯ ಮೇಲೆ ಇದೇ ಮೂರು ಪದ, ಇದೇ ಕ್ರಮದಲ್ಲಿ. ಅಂಬೇಡ್ಕರರು ಓದಿದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸನ್ನು 1895ರಲ್ಲಿ ಕಟ್ಟಿದವರೂ ಫೇಬಿಯನ್ ಸಮಾಜವಾದಿಗಳೇ. ಇದರಿಂದ ಬಾಬಾಸಾಹೇಬರು ಚಿಕ್ಕವರಾಗುವುದಿಲ್ಲ. ಗಿರಣಿಯ ಕೂಲಿಗಳಿಗಾಗಿ ಹುಟ್ಟಿದ ಮಾತು ಊರಾಚೆಯ ಕೇರಿಯ ಮಾತಾಯಿತು. ಬೆಂಕಿ ಯಾರ ಒಲೆಯಿಂದ ತಂದರೂ ನಮ್ಮ ಒಲೆ ಉರಿದರೆ ಸರಿ.

ನಮ್ಮ ನೋವು ಇರುವುದು ಕ್ರಮದಲ್ಲಿ, ಮತ್ತೆ ಅದರ ಬಾಲದಲ್ಲಿ. ಆ ಮೂರು ಪದ ಹೇಳಿ ಅವರು ಸುಮ್ಮನಾಗಲಿಲ್ಲ. ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ ಎಂದರು. ನ್ಯಾಯ ನಮ್ಮ ಕಡೆ ಇರುವಾಗ ಸೋಲು ಹೇಗೆ ಬಂದೀತು, ಈ ಕದನವೇ ತನಗೆ ಸಂತೋಷ ಎಂದರು. ಇದು ಹಣಕ್ಕೂ ಅಲ್ಲ, ಅಧಿಕಾರಕ್ಕೂ ಅಲ್ಲ, ಬಿಡುಗಡೆಗೆ, ಕಳೆದುಹೋದ ಮನುಷ್ಯತನವನ್ನು ಮರಳಿ ಪಡೆಯುವುದಕ್ಕೆ ಎಂದರು. ಹಣಕ್ಕಲ್ಲ ಅಧಿಕಾರಕ್ಕಲ್ಲ ಎಂಬುದು ಯಾವ ಫ್ಲೆಕ್ಸಿನಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ಫ್ಲೆಕ್ಸಿಗೆ ದುಡ್ಡು ಕೊಡುವವರು ಯಾರು ಅಂತ ಗೊತ್ತಿದ್ದವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು ಎಲ್ಲ ಹಾಸ್ಟೆಲ್ಲುಗಳಲ್ಲೂ ಇದೆ. ಶಿಕ್ಷಣ ಹುಲಿಯ ಹಾಲು, ಕುಡಿದವನು ಘರ್ಜಿಸಲೇಬೇಕು ಎಂಬುದು. ಹೆಸರು ಅಂಬೇಡ್ಕರರದೇ. ಇದಕ್ಕೆ ತೀರಾ ಹತ್ತಿರದ ಮಾತು, ಇಂಗ್ಲಿಷ್ ಭಾಷೆ ಹುಲಿಯ ಹಾಲು ಎಂಬುದು, ಮರಾಠಿಯವರಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರ ಹೆಸರಿನಲ್ಲಿ ಪ್ರಸಿದ್ಧ. 1874ರಲ್ಲಿ ನಿಬಂಧಮಾಲೆ ಎಂಬ ಮಾಸಪತ್ರಿಕೆ ಶುರು ಮಾಡಿ, ಅದರಲ್ಲಿ ಜೋತಿಬಾ ಫುಲೆಯವರ ಬರಹವನ್ನೂ ಭಾಷೆಯನ್ನೂ ಹೀಯಾಳಿಸಿದವರು ಆ ಶಾಸ್ತ್ರಿಗಳು. ಫುಲೆಯವರನ್ನು ಆಡಿಕೊಂಡ ಬಾಯಿಂದ ಬಂದ ಹುಲಿಹಾಲು ಫುಲೆಯವರ ಮೊಮ್ಮಕ್ಕಳ ಹಾಸ್ಟೆಲ್ಲಿನ ಗೋಡೆಗೆ ಹರಿದು ಬಂದಿದೆ. ಇರಲಿ ಬಿಡಿ, ಶಾಸ್ತ್ರಿಗಳ ಕೊಟ್ಟಿಗೆಯ ಹುಲಿ ನಮ್ಮ ಹಟ್ಟಿಗೂ ಹಾಲು ಕೊಟ್ಟರೆ ಬೇಡ ಅನ್ನುವುದಿಲ್ಲ.

ಸಾಹಿತ್ಯದ ಬಗ್ಗೆ ನಮ್ಮವರು ಆಡಿದ ಮಾತೊಂದು ಗೋಡೆಗೆ ಬರಲಿಲ್ಲ, ಬೀದಿಗೇ ಬಂತು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ದೇವರಾಜ ಅರಸರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಅವರು ಅಂದು ಹೇಳಲು ಹೊರಟದ್ದು ನಮ್ಮ ಹುಡುಗರು ಇಂಗ್ಲಿಷ್ ಕಲಿಯಬೇಕು, ಜಗತ್ತಿನ ವಿಚಾರ ತಿಳಿಯಬೇಕು ಎಂಬುದನ್ನು. ಇಡೀ ಮಾತಿನಿಂದ ಒಂದು ಪದ ಮಾತ್ರ ಹೆಕ್ಕಿಕೊಂಡರು. ಮೆರವಣಿಗೆಗಳಾದವು, ಹಾಸ್ಟೆಲ್ಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳಿಗೆ ಏಟು ಬಿದ್ದವು, ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿಗೆ ಒಂದು ಪದಕ್ಕಾಗಿ ಶಿಕ್ಷೆ. ಹಸು ಕಟ್ಟಿದವರ ಮಕ್ಕಳಾದ ನಮಗೆ ಒಂದು ಗೊತ್ತು: ಬೂಸಾ ಕಸವಲ್ಲ, ದನಕ್ಕೆ ಬೂಸಾ ಹಾಕಿದರೇ ಹಾಲು. ಕೆರಳಿದವರು ಯಾರೂ ದನ ಮೇಯಿಸಿದವರಲ್ಲ ಅಂತ ಕಾಣುತ್ತದೆ. ಹೋಗಲಿ, ಆ ಏಟಿನಿಂದಲೇ ದಲಿತ ಸಂಘರ್ಷ ಸಮಿತಿಗೆ ಕಸುವು ಬಂತು, 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯದ ಲೇಖಕರು ಒಟ್ಟಾಗುವುದಕ್ಕೆ ದಾರಿಯೂ ಆಯಿತು.

ಈಗ ಮನೆಯ ವಿಷಯ. ಬಾಬಾಸಾಹೇಬರು ಸಂಸಾರದ ಬಗ್ಗೆ, ಹೆಂಗಸರ ಬಗ್ಗೆ ಆಡಿದ ಮಾತು ನಮ್ಮ ಗೋಡೆಗಳಲ್ಲಿ ಹೆಚ್ಚು ಕಾಣುವುದಿಲ್ಲ. ಗೋಡೆ ಬರೆಯುವವರೆಲ್ಲ ಗಂಡಸರು, ಅದಕ್ಕೇ ಇರಬೇಕು. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟದ್ದು ಎಲ್ಲರಿಗೂ ಗೊತ್ತು. ಅದೇ ಪರಿಷತ್ತು ಮುಗಿಯುವಾಗ ಅವರು ಹೆಂಗಸರನ್ನೇ ಕೂರಿಸಿಕೊಂಡು ಮಾತಾಡಿದರು. ನಿಮ್ಮ ಉಡುಗೆ ತೊಡುಗೆಯೇ ನೀವು ಯಾವ ಜಾತಿ ಅಂತ ಸಾರಬಾರದು, ಸೀರೆಯನ್ನು ಮೈತುಂಬ ಉಡಿ ಎಂದರು. ಸತ್ತ ದನದ ಮಾಂಸ ಬೇಡ ಎಂದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿ ಎಂದರು. ಕುಡಿದು ಬಂದ ಗಂಡನಿಗೂ ಮಗನಿಗೂ ಅನ್ನ ಇಕ್ಕಬೇಡಿ ಎಂದರು. ಮಾರನೆಯ ಬೆಳಗ್ಗೆ ಆ ಹೆಂಗಸರು ಸೀರೆ ಉಡುವ ರೀತಿಯನ್ನೇ ಬದಲಿಸಿಕೊಂಡು ಬಂದಿದ್ದರು. ಒಂದು ಮಾತು ಒಂದೇ ರಾತ್ರಿಯಲ್ಲಿ ಸೀರೆಯ ನೆರಿಗೆಯಾಗುವುದು ಚರಿತ್ರೆಯಲ್ಲಿ ಅಪರೂಪ. ಕುಡುಕನಿಗೆ ಅನ್ನ ಇಕ್ಕಬೇಡಿ ಎಂಬುದನ್ನು ಹಟ್ಟಿಯ ಬಾಗಿಲಲ್ಲಿ ನೀಲಿ ಬಣ್ಣದಲ್ಲಿ ಬರೆಯಲು ನಮ್ಮಲ್ಲಿ ಎಷ್ಟು ಮುಖಂಡರು ಒಪ್ಪುತ್ತಾರೆ, ನೋಡಬೇಕು.

ಹದಿನೈದು ವರ್ಷ ಬಿಟ್ಟು, ನಾಗಪುರದ ಪರಿಷತ್ತು ಮುಗಿದ ಮಾರನೆಯ ದಿನ, 1942ರ ಜುಲೈ 20ರಂದು, ಅದೇ ಊರಿನಲ್ಲಿ ಹೆಂಗಸರ ಪರಿಷತ್ತು ಸೇರಿತು. ಅಮರಾವತಿಯ ಸುಲೋಚನಾಬಾಯಿ ಡೋಂಗ್ರೆ ಅಧ್ಯಕ್ಷೆ. ಸುಮಾರು 25,000 ಹೆಂಗಸರು ಬಂದಿದ್ದರಂತೆ. ವಿಚ್ಛೇದನದ ಹಕ್ಕು ಬೇಕು, ಗಂಡಸಿಗೆ ಹಲವು ಮದುವೆ ಕೂಡದು, ಗಿರಣಿಯಲ್ಲಿ ಬೀಡಿ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣಿಗೆ ರಜೆ ಬೇಕು ಎಂದು ಕೂಲಿ ಹೆಂಗಸರು ಆ ಕಾಲಕ್ಕೇ ನಿರ್ಣಯ ಮಾಡಿದರು. ಹಿಂದೂ ಕೋಡ್ ಬಿಲ್ಲಿನ ಗದ್ದಲ ದೆಹಲಿಯಲ್ಲಿ ಏಳುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತಿದು. ಒಂದು ಸಮುದಾಯ ಎಷ್ಟು ಮುಂದೆ ಬಂದಿದೆ ಎಂಬುದನ್ನು ಅದರ ಹೆಂಗಸರು ಎಷ್ಟು ಮುಂದೆ ಬಂದಿದ್ದಾರೆ ಎಂಬುದರಿಂದ ಅಳೆಯುತ್ತೇನೆ ಎಂದು ಬಾಬಾಸಾಹೇಬರು ಅಲ್ಲಿ ಹೇಳಿದ್ದು ಹೇಗೋ ಗೋಡೆಗೆ ಬಂದಿದೆ. ಅದರ ಹಿಂದೆ ಮುಂದೆ ಇದ್ದದ್ದು ಬರಲಿಲ್ಲ. ಮದುವೆಗೆ ಆತುರ ಬೇಡ, ಅದೊಂದು ಹೊರೆ. ಸಾಕಲಾರದಷ್ಟು ಮಕ್ಕಳನ್ನು ಹೆರುವುದು ಅಪರಾಧ. ನಮಗೆ ಸಿಕ್ಕಿದ್ದಕ್ಕಿಂತ ಒಳ್ಳೆಯ ಆರಂಭವನ್ನು ಮಕ್ಕಳಿಗೆ ಕೊಡುವುದೇ ತಂದೆತಾಯಿಯ ಕೆಲಸ. ಮದುವೆಯಾದ ಹುಡುಗಿ ಗಂಡನೆದುರು ತಲೆಯೆತ್ತಿ ನಿಲ್ಲಲಿ, ಅವನ ಗೆಳತಿಯಾಗಲಿ, ಸಮಳಾಗಲಿ, ಗುಲಾಮಳಾಗಲು ಒಲ್ಲೆ ಎನ್ನಲಿ. ಹೀಗಿತ್ತು ಅವರ ಮಾತಿನ ಧಾಟಿ.

ಅವರದೇ ಸಂಸಾರ? ಅಲ್ಲಿಗೆ ಹೋದರೆ ಎದೆ ಭಾರವಾಗುತ್ತದೆ. ಹುಟ್ಟಿದ ಐದು ಮಕ್ಕಳಲ್ಲಿ ನಾಲ್ಕು ಮಣ್ಣಾದವು. 1926ರಲ್ಲಿ ಕೊನೆಯ ಮಗ ರಾಜರತ್ನ ಸತ್ತ ಮೇಲೆ ಗೆಳೆಯನಿಗೆ ಬರೆದ ಕಾಗದದಲ್ಲಿ ಅವರು, ತಾನೂ ಹೆಂಡತಿಯೂ ಚೇತರಿಸಿಕೊಂಡೆವು ಎಂದು ನಟಿಸಿ ಪ್ರಯೋಜನವಿಲ್ಲ, ಮೂರು ಗಂಡು ಒಂದು ಹೆಣ್ಣು ಮಗುವನ್ನು ಹೂತೆವು, ಇನ್ನು ಬದುಕು ಎಂದರೆ ಕಳೆ ತುಂಬಿದ ತೋಟ ಎಂದು ಅತ್ತುಕೊಂಡಿದ್ದಾರೆ. ಆ ಕಾಗದದ ಮರು ವರ್ಷವೇ ಮಹಾಡದ ಕೆರೆ. ಬದುಕು ಕಳೆ ತುಂಬಿದ ತೋಟ ಎಂದವನು ಎದ್ದು ಹೋಗಿ ಸಾವಿರಾರು ಜನರನ್ನು ಕರೆದುಕೊಂಡು ನೀರು ಮುಟ್ಟಿದ. ಪರೀಕ್ಷೆಯಲ್ಲಿ ನಪಾಸಾಗಿ ಹಗ್ಗ ಹುಡುಕುವ ನಮ್ಮ ಹಾಸ್ಟೆಲ್ ಹುಡುಗರಿಗೆ ಘರ್ಜನೆಯ ಮಾತಿಗಿಂತ ಈ ಅಳುವಿನ ಮಾತು ಹೆಚ್ಚು ಬೇಕು ಎಂದು ನಮಗೆ ಅನ್ನಿಸುತ್ತದೆ.

ರಮಾಬಾಯಿ ಪಂಢರಪುರಕ್ಕೆ ಹೋಗಬೇಕು ಎಂದಾಗ, ಭಕ್ತರನ್ನೇ ಬಾಗಿಲ ಹೊರಗೆ ನಿಲ್ಲಿಸುವ ಆ ಪಂಢರಪುರ ಯಾಕೆ, ದುಡಿದು ನಾವೇ ಬೇರೆ ಪಂಢರಪುರ ಕಟ್ಟೋಣ ಎಂದು ಅವರು ಸಮಾಧಾನ ಹೇಳಿದರು. ಇದು ಎಲ್ಲರಿಗೂ ಗೊತ್ತಿರುವ ಮಾತು. ಆ ಮಾತು ಕೇಳಿ ರಮಾಬಾಯಿ ಏನೆಂದರು? ಅದು ಗೋಡೆಗೆ ಬರಲಿಲ್ಲ. ಆಕೆ 1935ರ ಮೇ 27ರಂದು ತೀರಿಕೊಂಡರು. ಆಕೆಯ ಫೋಟೋ ಇಟ್ಟು ಪೂಜೆ ಮಾಡುತ್ತೇವೆ, ಹಾಡು ಕಟ್ಟುತ್ತೇವೆ, ಫೋಟೋದ ಕೆಳಗೆ ಆಕೆಯದೇ ಒಂದು ಮಾತು ಇಲ್ಲ.

ಎರಡನೆಯ ಹೆಂಡತಿ ಡಾ. ಸವಿತಾ ಅವರ ಪಾಡು ಇನ್ನೂ ಕಹಿ. 1956ರಲ್ಲಿ ಬುದ್ಧ ಮತ್ತು ಆತನ ಧಮ್ಮದ ಗ್ರಂಥಕ್ಕೆ ಬಾಬಾಸಾಹೇಬರು ಬರೆದ ಮುನ್ನುಡಿಯಲ್ಲಿ, ಆರಿಹೋಗಲಿದ್ದ ದೀಪಕ್ಕೆ ಎಣ್ಣೆ ಎರೆದಂತೆ ಈ ಕೆಲಸ ಮುಗಿಯುವ ತನಕ ತನ್ನನ್ನು ಉಳಿಸಿದ್ದು ಹೆಂಡತಿಯ ಮತ್ತು ಡಾಕ್ಟರ್ ಮಾಳವಣಕರರ ವೈದ್ಯ ಎಂದು ನೆನೆದಿದ್ದಾರೆ. 1957ರಲ್ಲಿ ಪುಸ್ತಕ ಅಚ್ಚಾದಾಗ ಆ ಮುನ್ನುಡಿಯೇ ಅದರಲ್ಲಿ ಇರಲಿಲ್ಲ. 1980ರಲ್ಲಿ ಭಗವಾನ್ ದಾಸ್ ಅದನ್ನು ಹೊರತಂದ ಮೇಲೆ ಜನರಿಗೆ ಗೊತ್ತಾಯಿತು. ಇದು ಪುರೋಹಿತಶಾಹಿ ಮಾಡಿದ ಕೆಲಸವಲ್ಲ ಗೆಳೆಯರೆ, ನಮ್ಮ ಪಾಳಯದಲ್ಲೇ ಆದದ್ದು. ಸವಿತಾ ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು ಎಂಬುದು ನಮ್ಮವರಿಗೆ ನುಂಗಲಾರದ ತುತ್ತಾಗಿತ್ತು. ಹುಟ್ಟಿನಿಂದ ಮನುಷ್ಯರನ್ನು ಅಳೆಯಬಾರದು ಎಂದು ಬದುಕಿಡೀ ಹೇಳಿದವನ ಪುಸ್ತಕದಲ್ಲೇ ಹೀಗಾಯಿತು. ಅದೇ ಪುಸ್ತಕ ಅಚ್ಚು ಮಾಡಿಸಲು ಕೈಯಲ್ಲಿ ಕಾಸಿಲ್ಲದೆ, ಸರ್ಕಾರ 500 ಪ್ರತಿ ಕೊಳ್ಳಲಿ ಎಂದು 1956ರ ಸೆಪ್ಟೆಂಬರ್ 14ರಂದು ಅವರು ನೆಹರೂಗೆ ಕಾಗದ ಬರೆದಿದ್ದರು. ಬುದ್ಧ ಜಯಂತಿಗೆ ಇಟ್ಟ ದುಡ್ಡು ಮುಗಿದಿದೆ, ಜಯಂತಿಯ ಹೊತ್ತಿಗೆ ದೆಹಲಿಯಲ್ಲಿ ಮಾರಾಟಕ್ಕೆ ಇಡಿ ಎಂದು ಮಾರುತ್ತರ ಬಂತು. ಸಂವಿಧಾನ ಬರೆದವನಿಗೆ.

ಕೊನೆಗೆ, ನಮ್ಮ ಎಲ್ಲ ಗೋಡೆಗಳ ದೊಡ್ಡ ಮಾತು. ಈ ರಥವನ್ನು ಇಲ್ಲಿಯ ತನಕ ಕಷ್ಟಪಟ್ಟು ಎಳೆದು ತಂದಿದ್ದೇನೆ, ಆದರೆ ಮುಂದಕ್ಕೆ ಎಳೆಯಿರಿ, ಆಗದಿದ್ದರೆ ಅಲ್ಲೇ ಬಿಡಿ, ಹಿಂದಕ್ಕೆ ಮಾತ್ರ ತಳ್ಳಬೇಡಿ. ಕನ್ನಡ ನಾಡಿನಲ್ಲಿ ಈ ಮಾತು ಕೇಳದೆ ಏಪ್ರಿಲ್ 14 ಮುಗಿಯುವುದಿಲ್ಲ. ಚಿತ್ರವೂ ಇದೆ: ಬಾಬಾಸಾಹೇಬರು ಹಗ್ಗ ಹಿಡಿದು ತೇರು ಎಳೆಯುತ್ತಿರುತ್ತಾರೆ.

ಆ ಮಾತು ಬಂದದ್ದು ನಾನಕ್ ಚಂದ್ ರತ್ತು ಅವರ ನೆನಪುಗಳಿಂದ. ಪಂಜಾಬಿನ ದಲಿತ ಹುಡುಗ, ದೆಹಲಿಯ ಸರ್ಕಾರಿ ನೌಕರ, ಆಫೀಸು ಮುಗಿಸಿ ಬಂದು ರಾತ್ರಿಯೆಲ್ಲ ಬಾಬಾಸಾಹೇಬರ ಹಸ್ತಪ್ರತಿ ಟೈಪು ಮಾಡಿಕೊಟ್ಟವರು. 1956ರ ಜುಲೈ 31ರಂದು ಅವರೆದುರು ಬಾಬಾಸಾಹೇಬರು ಕಣ್ಣೀರು ಹಾಕಿ ಆಡಿದ ಮಾತುಗಳನ್ನು ರತ್ತು 1990ರ ದಶಕದಲ್ಲಿ ಪುಸ್ತಕವಾಗಿ ಕೊಟ್ಟರು. ಅಲ್ಲಿರುವುದು ರಥವಲ್ಲ. ಕ್ಯಾರವಾನ್. ಹಿಂದಿಯವರು ಕಾರವಾಂ ಅಂತಾರೆ. ಒಟ್ಟಿಗೆ ಹೊರಟ ಪಯಣಿಗರ ಸಾಲು ಅದು. ಕನ್ನಡಕ್ಕೆ ಬರುವಾಗ ಸಾಲು ಹೋಗಿ ತೇರು ಬಂತು.

ತೇರು ಅಂದರೆ ನಮಗೇನು ಅಂತ ಯಾರಿಗೆ ಗೊತ್ತಿಲ್ಲ? ಎಷ್ಟೋ ಊರುಗಳಲ್ಲಿ ನಾವು ಹಗ್ಗ ಮುಟ್ಟಿದ್ದಕ್ಕೆ ಏಟು ತಿಂದದ್ದು ಅದೇ ತೇರಿನ ಮುಂದೆ. ತಮಟೆ ಬಡಿಯಲು ನಾವು ಬೇಕು, ಹಗ್ಗಕ್ಕೆ ಬೇಡ. ಬಾಬಾಸಾಹೇಬರಿಗೂ ನಿಜವಾದ ಒಂದು ತೇರಿನ ಅನುಭವ ಇತ್ತು. 1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ಮಂದಿರದ ಸತ್ಯಾಗ್ರಹ ಶುರುವಾಯಿತು. ಏಪ್ರಿಲ್ 9, ತೇರಿನ ದಿನ. ಸವರ್ಣೀಯರೂ ಅಸ್ಪೃಶ್ಯರೂ ಸೇರಿ ತೇರು ಎಳೆಯುವುದೆಂದು ರಾಜಿಯಾಗಿತ್ತು. ಆಯ್ದ ಗಟ್ಟಿ ಆಳುಗಳೊಂದಿಗೆ ಬಾಬಾಸಾಹೇಬರು ಬಾಗಿಲ ಬಳಿ ನಿಂತಿದ್ದರು. ಇವರ ಕೈ ಹಗ್ಗಕ್ಕೆ ತಾಗುವ ಮೊದಲೇ ಅವರು ತೇರನ್ನು ಎಳೆದುಕೊಂಡು ಓಡಿದರು. ದೇವರನ್ನು ಕೂರಿಸಿಕೊಂಡು ಓಡಿದರು! ಹಿಂದೆ ಬಿದ್ದವರ ಮೇಲೆ ಕಲ್ಲಿನ ಮಳೆ. ಬಾಬಾಸಾಹೇಬರಿಗೆ ಕಲ್ಲು ತಾಗದಂತೆ ಅನುಯಾಯಿಗಳು ಕೊಡೆ ಅಡ್ಡ ಹಿಡಿದರು. ಆ ಮನುಷ್ಯನ ಬಾಯಿಗೆ ನಾವು ತೇರನ್ನು ಇಟ್ಟಿದ್ದೇವೆ.

ತೇರಿನಲ್ಲಿ ಕೂರುವವನು ಒಬ್ಬ, ಎಳೆಯುವವರು ನೂರು. ಮೇಲೆ ಕಳಸ, ಒಳಗೆ ಪೂಜಾರಿ. ನಮ್ಮ ಚಳವಳಿ ತೇರು ಎಂದುಕೊಂಡಿದ್ದರಿಂದಲೋ ಏನೋ ಒಳಗೆ ಕೂರುವವರು ಬೇಗ ಸಿಕ್ಕರು. ಆಮೇಲೆ ಯಾರು ಕೂರಬೇಕು ಎಂಬ ಜಗಳ, ಒಂದು ತೇರು ಎರಡಾಯಿತು, ನಾಲ್ಕಾಯಿತು. ಅದೇ ಜುಲೈ 31ರ ಮಾತಿನಲ್ಲಿ ಬಾಬಾಸಾಹೇಬರು ಅತ್ತದ್ದು ಯಾರನ್ನು ನೆನೆದು? ಓದಿದವರನ್ನು. ತಾನು ದುಡಿದು ತಂದದ್ದನ್ನು ಓದಿದ ಕೆಲವರು ಉಂಡು ಕೂತರು, ಹಳ್ಳಿಯಲ್ಲಿ ಉಳಿದವರ ಕಡೆ ತಿರುಗಿ ನೋಡಲಿಲ್ಲ ಎಂದು. ಆ ವರ್ಷ ಮಾರ್ಚ್ 18ರಂದು ಆಗ್ರಾದಲ್ಲೂ ಬಹಿರಂಗವಾಗಿ ಇದನ್ನೇ ಹೇಳಿದ್ದರು. ಮನೆಯಲ್ಲಿ ಮೊದಲ ಡಿಗ್ರಿ ನಮ್ಮದೇ ಆಗಿರುವ ನಮಗೆ ಆ ಮಾತು ಬೆನ್ನಿಗೆ ಬಿದ್ದಂತೆ ಕೇಳುತ್ತದೆ.

ಕ್ಯಾರವಾನಿಗೆ ಕನ್ನಡದಲ್ಲಿ ಪದವಿಲ್ಲ ಅನ್ನುವ ಹಾಗೂ ಇಲ್ಲ. ತಾಂಡಾ ಇದೆ. ಈಗ ತಾಂಡಾ ಅಂದರೆ ಲಂಬಾಣಿಗರ ಹಟ್ಟಿ, ಊರಾಚೆ ಗುಡ್ಡದ ಬುಡದಲ್ಲಿ ಇರುವಂಥದ್ದು. ಮೊದಲು ಅದು ನಡೆಯುವ ಸಾಲು. ಎತ್ತುಗಳ ಮೇಲೆ ಉಪ್ಪು ಕಾಳು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆದವರು ಅವರು. ರೈಲು ಬಂದು ಎತ್ತಿನ ಹೇರು ಸತ್ತ ಮೇಲೆ, ನಿಂತ ಜಾಗಕ್ಕೇ ಆ ಹೆಸರು ಉಳಿಯಿತು. ತಾಂಡಾ ನಡೆಯುವಾಗ ಒಳಗೆ ಕೂರುವವರು ಯಾರೂ ಇಲ್ಲ. ಮುದುಕರು, ಬಸುರಿಯರು, ಕೂಸುಗಳು, ನಾಯಿಗಳು ಎಲ್ಲ ಸಾಲಿನೊಳಗೇ. ಆಗದಿದ್ದರೆ ಅಲ್ಲೇ ಬಿಡಿ ಎಂಬ ಮಾತಿಗೂ ಅಲ್ಲೇ ಅರ್ಥ ಸಿಗುತ್ತದೆ: ನೀರು ಕಂಡಲ್ಲಿ ತಾಂಡಾ ಇಳಿಯುತ್ತದೆ, ಎತ್ತಿನ ಹೇರು ಇಳಿಸಿ ಒಲೆ ಹೂಡುತ್ತಾರೆ, ಬೆಳಕು ಹರಿದರೆ ಮತ್ತೆ ಹೇರುತ್ತಾರೆ. ಮುಂದಿನ ಏಪ್ರಿಲ್‌ಗೆ ಗೋಡೆ ಬರೆಯುವ ಹುಡುಗರು ರಥ ಎಂದು ಇರುವ ಕಡೆ ತಾಂಡಾ ಎಂದು ಬರೆದು ನೋಡಲಿ. ಲಂಬಾಣಿ ಕೇರಿಯ ಅಜ್ಜಿಯೊಬ್ಬಳನ್ನು ಕರೆದು, ಸಾಲಿನಲ್ಲಿ ಯಾರು ಎಲ್ಲಿ ನಡೆಯುತ್ತಿದ್ದರು ಅಂತ ಕೇಳಿಕೊಂಡು ಚಿತ್ರ ಬಿಡಿಸಲಿ.